ತಿಪ್ಪೆಯ ಹುಳುವಿಗೂ ಒಂದು ಚರಿತ್ರೆಯುಂಟು



ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧ, ಒಪ್ಪಂದ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬಹುಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿದ ನನಗೆ, ಹುಳುಹುಪ್ಪಟೆಗಳಿಗೂ ಅಷ್ಟೇ ಸ್ವಾರಸ್ಯಕರವಾದ ಚರಿತ್ರೆಯುಂಟೆಂದು ಯಾವಾಗಲೂ ಅನ್ನಿಸಿದೆ. ಮನುಷ್ಯನು ತನ್ನ ಉಪಯೋಗಕ್ಕಾಗಿ ಪಳಗಿಸಿಕೊಂಡ ಕೀಟಗಳು ಬಹಳವಿಲ್ಲ. ರೇಷ್ಮೆಹುಳು, ಜೇನುನೊಣ, ಅರಗಿನ ಹುಳು ಎಂದು ಬೆರಳು ಮಡಿಸುವಷ್ಟರಲ್ಲಿ ಪಟ್ಟಿ ಮುಗಿಯುತ್ತ ಬರುತ್ತದೆ. ನಮ್ಮ ಜೀವಿತಕಾಲದಲ್ಲಿಯೇ ಈ ಪಟ್ಟಿಗೆ ಒಂದು ಹೊಸ ಹೆಸರು ಸೇರಿದೆ. ಅದು ಕಪ್ಪು ಸೈನಿಕ ನೊಣ. ಇಂಗ್ಲಿಷಿನವರು ಬ್ಲ್ಯಾಕ್ ಸೋಲ್ಜರ್ ಫ್ಲೈ ಎನ್ನುತ್ತಾರೆ. ಅದರ ಮರಿಹುಳುಗಳನ್ನು ಅಡುಗೆಮನೆಯ ಕಸದಲ್ಲಿ ಬೆಳೆಸಿ ಕೋಳಿಗೂ ಮೀನಿಗೂ ಮೇವಾಗಿ ಕೊಡುವ ಪದ್ಧತಿ ಈಗ ಅನೇಕ ದೇಶಗಳಲ್ಲಿದೆ.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವಿದೆ. ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದು, "ಸಾರ್, ಗೊಬ್ಬರ ಮಾಡುವ ಮಡಕೆಯಲ್ಲಿ ದಪ್ಪನೆಯ ಬೂದುಬಣ್ಣದ ಹುಳುಗಳು ನೂರುಗಟ್ಟಲೆ ಆಗಿವೆ. ಮನೆಯವರೆಲ್ಲ ಹೇಸುತ್ತಿದ್ದಾರೆ. ಬಿಸಿನೀರು ಸುರಿದು ಕೊಲ್ಲಲೇ?" ಎಂದು ಕೇಳಿದ್ದಳು. ಕೊಲ್ಲಬೇಡವೆಂದು ಉತ್ತರಿಸಿದೆ. ಆದರೆ ಏಕೆ ಕೊಲ್ಲಬಾರದು ಎಂಬುದಕ್ಕೆ ಎರಡು ಸಾಲಿನ ಉತ್ತರ ಸಾಲದು. ಅದಕ್ಕಾಗಿ ಈ ಲೇಖನ.

ಮೊದಲು ಈ ಜೀವಿಯ ಪರಿಚಯ ಮಾಡಿಕೊಳ್ಳೋಣ. ಪ್ರೌಢ ನೊಣ ಸುಮಾರು 15ರಿಂದ 20 ಮಿಲಿಮೀಟರ್ ಉದ್ದ. ನೋಡಲು ಕಣಜದಂತಿದ್ದು ಮೊದಲ ನೋಟಕ್ಕೆ ಭಯ ಹುಟ್ಟಿಸುತ್ತದೆ. ಆದರೆ ಅದಕ್ಕೆ ಕೊಂಡಿಯಿಲ್ಲ, ಕಚ್ಚುವುದೂ ಇಲ್ಲ. ಹೊಟ್ಟೆಯ ಬುಡದಲ್ಲಿ ಎರಡು ಪಾರದರ್ಶಕ ಕಿಟಕಿಗಳಂತಹ ಭಾಗಗಳಿವೆ. ಅದನ್ನು ಗುರುತಿಸಲು ಇದೇ ಸುಲಭವಾದ ಚಿಹ್ನೆ. ಮನೆನೊಣದಂತೆ ನಮ್ಮ ಅನ್ನದ ತಟ್ಟೆಯ ಮೇಲೆ ಕೂರುವ ಅಭ್ಯಾಸ ಇದಕ್ಕಿಲ್ಲ. ಮರಿಯಾಗಿದ್ದಾಗ ಕೂಡಿಸಿಟ್ಟುಕೊಂಡ ಕೊಬ್ಬಿನ ಬಲದಿಂದಲೇ ಒಂದೆರಡು ವಾರ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ಹೆಣ್ಣು ಇಡುವ ಮೊಟ್ಟೆ ಸುಮಾರು 500. ಅದನ್ನೂ ಕೊಳೆತ ಪದಾರ್ಥದ ಮೇಲೆ ಇಡುವುದಿಲ್ಲ; ಅದರ ಸಮೀಪದ ಒಣ ಬಿರುಕಿನಲ್ಲಿ ಇಡುತ್ತದೆ. ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದ ಮರಿಗಳು ಕೊಳೆತ ವಸ್ತುವಿಗೆ ಇಳಿದು ಎರಡು ಮೂರು ವಾರಗಳ ಕಾಲ ತಿನ್ನುವುದೊಂದೇ ಕೆಲಸ ಮಾಡುತ್ತವೆ. ಬೆಳವಣಿಗೆ ಮುಗಿದ ಮೇಲೆ ಹುಳು ಕಂದುಗಪ್ಪಾಗಿ, ಉಣ್ಣುವುದನ್ನು ಬಿಟ್ಟು, ಹೊಟ್ಟೆಯನ್ನು ಬರಿದುಮಾಡಿಕೊಂಡು, ಒಣಗಿದ ಕತ್ತಲೆಯ ಜಾಗವನ್ನು ಹುಡುಕುತ್ತ ಮೇಲೇರಿ ಹೊರಡುತ್ತದೆ. ಈ ಕೊನೆಯ ಗುಣವನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಇದಕ್ಕೆ ವೈಜ್ಞಾನಿಕ ನಾಮಕರಣ ಮಾಡಿದವನು ಸ್ವೀಡನ್ನಿನ ಲಿನೇಯಸ್. 1758ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅವನು ಇದನ್ನು ಮಸ್ಕಾ, ಅಂದರೆ ಸಾಮಾನ್ಯ ನೊಣದ ಕುಲಕ್ಕೆ ಸೇರಿಸಿದ್ದನು. 1804ರಲ್ಲಿ ಫ್ರಾನ್ಸಿನ ಲಾತ್ರೇಯ್ ಹರ್ಮೀಶಿಯ ಎಂಬ ಬೇರೆ ಕುಲವನ್ನು ಸ್ಥಾಪಿಸಿದನು. ಇಂದಿನ ಹೆಸರು ಹರ್ಮೀಶಿಯ ಇಲ್ಯೂಸೆನ್ಸ್. ಇದರ ತವರು ಅಮೆರಿಕ ಖಂಡದ ಬೆಚ್ಚನೆಯ ಪ್ರದೇಶ. ಆದರೆ ಈಗ ಅಂಟಾರ್ಕ್ಟಿಕವನ್ನು ಬಿಟ್ಟು ಉಳಿದೆಲ್ಲ ಖಂಡಗಳಲ್ಲಿಯೂ ಇದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳಂತೆ ಇದೂ ಹಡಗೇರಿ ಬಂದ ಅತಿಥಿ. ವ್ಯತ್ಯಾಸವಿಷ್ಟೇ: ಅವುಗಳನ್ನು ಮನುಷ್ಯನು ಬೇಕೆಂದು ತಂದನು, ಇದು ಹಣ್ಣುಹಂಪಲುಗಳ ಹಾಗೂ ಕಸದ ಜೊತೆಯಲ್ಲಿ ಕರೆಯದೆ ಬಂದಿತು.

ಯಾವಾಗ ಬಂದಿತು ಎಂಬ ಬಗ್ಗೆ ಒಂದು ವಿಚಿತ್ರವಾದ ಸಾಕ್ಷ್ಯವಿದೆ. ಯುರೋಪಿನಲ್ಲಿ ಈ ನೊಣದ ಮೊದಲ ದಾಖಲೆ 1926ರ ಮಾಲ್ಟಾ ದ್ವೀಪದ್ದೆಂದು ಬಹುಕಾಲ ನಂಬಲಾಗಿತ್ತು. ಇಟಲಿಯ ನೇಪಲ್ಸ್ ನಗರದ ಸಾನ್ ಡೊಮೆನಿಕೊ ಮಜ್ಜೋರೆ ಇಗರ್ಜಿಯಲ್ಲಿ ಮಿಲಾನಿನ ರಾಣಿವಾಸಕ್ಕೆ ಸೇರಿದ ಅರಗಾನಿನ ಇಸಬೆಲ್ಲಳ ಶವಪೆಟ್ಟಿಗೆಯಿದೆ. ಆಕೆ ತೀರಿಕೊಂಡದ್ದು 1524ರಲ್ಲಿ. ಆ ಪೆಟ್ಟಿಗೆಯೊಳಗೆ ಸಿಕ್ಕಿದ ಕೀಟಾವಶೇಷಗಳಲ್ಲಿ ಈ ನೊಣದ ಅವಶೇಷವೂ ಇದೆಯೆಂದು ಇಟಲಿಯ ವಿದ್ವಾಂಸರು 2014ರಲ್ಲಿ ಪ್ರಕಟಿಸಿ, ಕೊಲಂಬಸ್ಸನ ಯಾನದ ಸುಮಾರು ಮೂರು ದಶಕಗಳಲ್ಲೇ ಅದು ಯುರೋಪನ್ನು ತಲುಪಿರಬಹುದೆಂಬ ವಾದವನ್ನು ಮುಂದಿಟ್ಟರು. ಪೆಟ್ಟಿಗೆಯನ್ನು ನಡುವೆ ಎಂದಾದರೂ ತೆರೆದಿದ್ದರೆ ನೊಣ ಆಮೇಲೆ ಹೊಕ್ಕಿರಬಹುದೆಂಬ ಸಂದೇಹಕ್ಕೆ ಎಡೆಯುಂಟು. ಆದರೂ ವಾದ ಸ್ವಾರಸ್ಯಕರವಾದದ್ದು. ರಾಜಕುಮಾರಿಯ ಸಮಾಧಿಯೂ ತಿಪ್ಪೆಯೂ ಈ ಜೀವಿಗೆ ಒಂದೇ.

ಹುಳುಗಳನ್ನು ಸಾಕುಪ್ರಾಣಿಗಳಿಗೆ ಉಣಿಸುವ ಪದ್ಧತಿಯಾದರೋ ಈ ನೊಣದ ಖ್ಯಾತಿಗಿಂತ ಬಹಳ ಹಳೆಯದು. 1600ರಲ್ಲಿ ಫ್ರಾನ್ಸಿನ ಒಲಿವಿಯೆ ದ ಸೆರ್ ಬರೆದ ಕೃಷಿಗ್ರಂಥದಲ್ಲಿ ಕೋಳಿಗಳಿಗಾಗಿ ಹುಳು ಬೆಳೆಸುವ ಗುಂಡಿಯ ವರ್ಣನೆಯಿದೆ. ಚೀನದ ಪರ್ಲ್ ನದಿಯ ಮುಖಜಭೂಮಿಯಲ್ಲಿ ಕೆರೆಯ ದಂಡೆಯ ಮೇಲೆ ಹಿಪ್ಪುನೇರಳೆ, ಮನೆಯಲ್ಲಿ ರೇಷ್ಮೆಹುಳು, ಕೆರೆಯಲ್ಲಿ ಮೀನು ಎಂಬ ವ್ಯವಸ್ಥೆ ಶತಮಾನಗಳಿಂದ ನಡೆದುಬಂದಿತು. ರೇಷ್ಮೆಹುಳುವಿನ ಹಿಕ್ಕೆಯೂ ಕೋಶವೂ ಮೀನಿಗೆ ಆಹಾರ. ಕೆರೆಯ ಹೂಳು ಹಿಪ್ಪುನೇರಳೆಗೆ ಗೊಬ್ಬರ. ಪಶ್ಚಿಮ ಆಫ್ರಿಕದ ರೈತರು ಮಡಕೆಯಲ್ಲಿ ಸಗಣಿ, ಹುಲ್ಲು ತುಂಬಿ ಬೋರಲಿಟ್ಟು ಗೆದ್ದಲನ್ನು ಹಿಡಿದು ಕೋಳಿಮರಿಗಳಿಗೆ ಹಾಕುತ್ತಾರೆ. ಇದನ್ನು ಓದಿದಾಗ ನನಗೆ ನನ್ನ ಅಜ್ಜಿಯ ನೆನಪಾಯಿತು. ನಮ್ಮ ಹಿತ್ತಿಲಿನಲ್ಲಿ ಆಕೆಯೂ ಒಡಕು ಮಡಕೆಯೊಂದನ್ನು ಇದೇ ರೀತಿ ಸಂಜೆ ಬೋರಲಿಟ್ಟು, ಬೆಳಿಗ್ಗೆ ಅದನ್ನು ಎತ್ತಿ, ಹೇಟೆಯನ್ನೂ ಅದರ ಪಿಳ್ಳೆಗಳನ್ನೂ "ಬಾ ಬಾ" ಎಂದು ಕರೆಯುತ್ತಿದ್ದಳು. ಅಕ್ಷರವನ್ನೇ ಅರಿಯದ ಆಕೆಗೆ ಬುರ್ಕಿನಾ ಫಾಸೊ ಎಂಬ ದೇಶವಿದೆಯೆಂಬುದೂ ತಿಳಿದಿರಲಿಲ್ಲ. ಕೋಳಿಮರಿಗೆ ಏನು ಬೇಕೆಂಬುದು ಮಾತ್ರ ಇಬ್ಬರಿಗೂ ತಿಳಿದಿತ್ತು.

ಆಧುನಿಕ ವಿಜ್ಞಾನದ ಕಣ್ಣಿಗೆ ಸೈನಿಕ ನೊಣ ಮೊದಲು ಬಿದ್ದದ್ದು ಪಿಡುಗಾಗಿ. 1930ರಲ್ಲಿ ಅಮೆರಿಕದ ಲೂಯಿಸಿಯಾನದಿಂದ ಬಂದ ಒಂದು ವರದಿ ಇದನ್ನು ಕಕ್ಕಸುಗುಂಡಿಗಳ ಪೀಡೆಯೆಂದು ವರ್ಣಿಸಿತ್ತು. ಕೋಳಿಸಾಕಣೆ ದೊಡ್ಡ ಉದ್ಯಮವಾದ ಮೇಲೆ ನೋಟ ಬದಲಾಯಿತು. ಪಂಜರಗಳ ಕೆಳಗೆ ರಾಶಿಬೀಳುವ ಹಿಕ್ಕೆಯಲ್ಲಿ ಮನೆನೊಣಗಳು ಲಕ್ಷಗಟ್ಟಲೆ ಹುಟ್ಟಿ ಸುತ್ತಲಿನ ಊರುಗಳಿಗೆ ಕಾಟವಾಗುತ್ತಿದ್ದವು. ಆದರೆ ಸೈನಿಕ ನೊಣದ ಮರಿಗಳು ತುಂಬಿದ ಹಿಕ್ಕೆಯಲ್ಲಿ ಮನೆನೊಣ ತಲೆಯೆತ್ತುವುದಿಲ್ಲವೆಂಬುದನ್ನು ಗಮನಿಸಿದ ಫರ್ಮನ್ ಮತ್ತು ಸಂಗಡಿಗರು 1959ರಲ್ಲಿ ಆ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹೀಗೆ ಶತ್ರುವಿನ ಶತ್ರುವಾಗಿ ಅದು ಮಿತ್ರನ ಸ್ಥಾನಕ್ಕೆ ಬಂದಿತು.

ಮಿತ್ರನು ಮೇವಾಗಬಲ್ಲನೆಂದು ತೋರಿಸಿದ್ದು ಜಾರ್ಜಿಯ ರಾಜ್ಯದ ಸಂಶೋಧಕರು. 1973ರಲ್ಲಿ ಹೇಲ್ ಎಂಬವರು ಒಣಗಿಸಿದ ಮರಿಹುಳುಗಳನ್ನು ಕೋಳಿಗಳ ಆಹಾರದಲ್ಲಿ ಬೆರೆಸಿ ಪ್ರಯೋಗ ಮಾಡಿದರು. 1977ರಲ್ಲಿ ನ್ಯೂಟನ್ ಮತ್ತು ಸಂಗಡಿಗರು ಹಂದಿಗಳ ಮೇಲೂ, 1981ರಲ್ಲಿ ಬೊಂಡಾರಿ ಮತ್ತು ಶೆಪರ್ಡ್ ಮೀನುಗಳ ಮೇಲೂ ಪ್ರಯೋಗ ನಡೆಸಿದರು. ಈ ವರ್ಷಗಳ ಹಿನ್ನೆಲೆಯನ್ನು ಗಮನಿಸಬೇಕು. ಪೆರು ದೇಶದ ಸಮುದ್ರದಲ್ಲಿ ಸಿಗುವ ಆಂಚೊವೆಟ ಎಂಬ ಪುಟ್ಟ ಮೀನು ಆಗ ಜಗತ್ತಿನ ಪಶು ಆಹಾರಕ್ಕೆ ಮೀನುಪುಡಿಯ ಮುಖ್ಯ ಆಕರವಾಗಿತ್ತು. 1970ರಲ್ಲಿ ಸುಮಾರು 120 ಲಕ್ಷ ಟನ್ ಹಿಡಿಯಲಾಗಿದ್ದ ಆ ಮೀನು, ಅತಿಯಾದ ಬೇಟೆ ಮತ್ತು 1972ರ ಎಲ್ ನಿನ್ಯೊ ಇವೆರಡರ ಹೊಡೆತದಿಂದ ಹಠಾತ್ತನೆ ಕುಸಿಯಿತು. ಮೀನುಪುಡಿ ಸಿಗದಾದಾಗ ಎಲ್ಲರೂ ಸೋಯಾಬೀನಿನತ್ತ ತಿರುಗಿದರು. ಅದರ ಬೆಲೆಯೂ ಏರಿ, 1973ರ ಜೂನಿನಲ್ಲಿ ಅಧ್ಯಕ್ಷ ನಿಕ್ಸನ್ನರ ಸರಕಾರ ಸೋಯಾ ರಫ್ತನ್ನೇ ಕೆಲಕಾಲ ತಡೆಹಿಡಿಯಿತು. ಪ್ರಾಣಿಗಳಿಗೆ ಪ್ರೋಟೀನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಅಂದು ಎಷ್ಟು ಗಂಭೀರವಾಗಿತ್ತೆಂಬುದಕ್ಕೆ ಇಷ್ಟು ಸಾಕು. ಆ ಪ್ರಶ್ನೆ ಇಂದಿಗೂ ತೀರಿಲ್ಲ. ನಮ್ಮ ಕರಾವಳಿಯಲ್ಲಿಯೇ ಬಡವರ ಮೀನೆನಿಸಿದ ಬೂತಾಯಿ ಮೀನುಪುಡಿಯ ಕಾರ್ಖಾನೆಗಳಿಗೂ ಹೋಗುತ್ತದೆ. ಮನುಷ್ಯನು ತಿನ್ನಬಹುದಾದ ಮೀನು ಪುಡಿಯಾಗಿ, ಸಾಕಿದ ಮೀನಿಗೂ ಕೋಳಿಗೂ ಮೇವಾಗುವುದರಲ್ಲಿ ಲಾಭ ಯಾರದು, ನಷ್ಟ ಯಾರದು ಎಂದು ಯೋಚಿಸಿ ನೋಡಿ.

ಜಾರ್ಜಿಯ ವಿಶ್ವವಿದ್ಯಾನಿಲಯದ ಟಿಫ್ಟನ್ ಸಂಶೋಧನಾ ಕೇಂದ್ರದಲ್ಲಿದ್ದ ಕ್ರೇಗ್ ಶೆಪರ್ಡ್ ಈ ಹುಳುವಿಗಾಗಿ ದಶಕಗಳನ್ನೇ ವ್ಯಯಿಸಿದವರು. 1994ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲು. ಮೊಟ್ಟೆಕೋಳಿಗಳ ಪಂಜರದ ಕೆಳಗಿನ ಹಿಕ್ಕೆಯಲ್ಲಿ ಈ ಮರಿಗಳು ಬೆಳೆದರೆ ಹಿಕ್ಕೆಯ ರಾಶಿ ಅರ್ಧಕ್ಕೆ ಇಳಿಯುತ್ತದೆ, ಮನೆನೊಣ ನಿಲ್ಲುತ್ತದೆ, ಮತ್ತು ಒಣತೂಕದಲ್ಲಿ 42 ಶೇಕಡ ಪ್ರೋಟೀನು, 35 ಶೇಕಡ ಕೊಬ್ಬು ಇರುವ ಮೇವು ದೊರೆಯುತ್ತದೆ ಎಂದು ಅವರು ತೋರಿಸಿದರು. ಹುಳುಗಳನ್ನು ಹೆಕ್ಕುವ ಕೂಲಿಯೂ ಬೇಡ. ಬಲಿತ ಹುಳು ತಾನಾಗಿಯೇ ಮೇಲೇರಿ ಹೊರಡುವುದೆಂದು ಹೇಳಿದೆನಲ್ಲ? ಅದರ ದಾರಿಗೆ ಒಂದು ಇಳಿಜಾರು ಹಲಗೆ ಇಟ್ಟು ತುದಿಯಲ್ಲಿ ಪಾತ್ರೆಯಿಟ್ಟರೆ, ಫಸಲು ತನ್ನ ಕಾಲಿಲ್ಲದ ಮೈಯಲ್ಲಿ ತೆವಳಿಕೊಂಡು ಬಂದು ಪಾತ್ರೆಗೆ ಬೀಳುತ್ತದೆ.

ಒಂದು ತೊಡಕು ಮಾತ್ರ ಉಳಿದಿತ್ತು. ಈ ನೊಣ ಕೋಣೆಯೊಳಗೆ ಜೋಡಿಯಾಗಲು ಒಪ್ಪುತ್ತಿರಲಿಲ್ಲ. ಅದಕ್ಕೆ ಬಿಸಿಲು ಬೇಕು, ಹಾರಾಡಲು ಜಾಗ ಬೇಕು. ಶೆಪರ್ಡ್, ಟಾಂಬರ್ಲಿನ್ ಮತ್ತು ಸಂಗಡಿಗರು ಹಸಿರುಮನೆಯಲ್ಲಿ ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರ, ನಾಲ್ಕು ಮೀಟರ್ ಉದ್ದದ ಬಲೆಯ ಪಂಜರವನ್ನಿಟ್ಟು ನೊಣಗಳ ಸಂತತಿಯನ್ನು ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಿ, ಆ ವಿಧಾನವನ್ನು 2002ರಲ್ಲಿ ಪ್ರಕಟಿಸಿದರು. ಒಂದು ಕಾಡುಜೀವಿ ಪಳಗಿದ ಜೀವಿಯಾಗುವುದು ಮನುಷ್ಯನ ಕೈಯಲ್ಲಿ ಅದರ ಸಂತಾನ ಮುಂದುವರಿದಾಗ. ಆ ಅರ್ಥದಲ್ಲಿ ಸೈನಿಕ ನೊಣದ ಪಳಗುವಿಕೆಯ ಕಾಲವನ್ನು ನಾವು ಖಚಿತವಾಗಿ ಹೇಳಬಲ್ಲೆವು. ದನ, ಕುರಿ, ಕೋಳಿಗಳ ವಿಷಯದಲ್ಲಿ ಇಂತಹ ಭಾಗ್ಯ ಚರಿತ್ರಕಾರರಿಗೆ ಇಲ್ಲ.

ಇದೇ ಹೊತ್ತಿಗೆ ಹುಳು ಮನೆಗಳಿಗೂ ಬಂದಿತು. ಪಾಲ್ ಒಲಿವಿಯರ್ ಎಂಬ ಎಂಜಿನಿಯರು ಒಳಗೋಡೆಗೆ ಇಳಿಜಾರು ದಾರಿಯುಳ್ಳ ಕಸದ ತೊಟ್ಟಿಯೊಂದನ್ನು ರೂಪಿಸಿ 2004ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಬಯೋಪಾಡ್ ಎಂಬ ಹೆಸರಿನಿಂದ ಇಂತಹ ತೊಟ್ಟಿಗಳು ಮಾರಾಟಕ್ಕೆ ಬಂದವು. ಕೊಳ್ಳಲಾರದವರು ಪ್ಲಾಸ್ಟಿಕ್ ಡ್ರಮ್ಮು, ಹಳೆಯ ಬಕೆಟ್ಟುಗಳಲ್ಲಿ ತಾವೇ ಮಾಡಿಕೊಂಡರು. ಸ್ವಿಟ್ಜರ್ಲೆಂಡಿನ ಈವಾಗ್ ಸಂಸ್ಥೆ ಇಂಡೊನೇಷ್ಯದಲ್ಲಿ ನಗರದ ಹಸಿಕಸದಿಂದ ಹುಳು ಬೆಳೆಸುವ ಪ್ರಯೋಗಗಳನ್ನು ನಡೆಸಿ, 2017ರಲ್ಲಿ ಹಂತಹಂತವಾದ ಕೈಪಿಡಿಯನ್ನು ಪ್ರಕಟಿಸಿತು.

ಈ ಚರಿತ್ರೆಯಲ್ಲಿ ಒಂದು ಕರಾಳ ಅಧ್ಯಾಯವೂ ಇದೆ. ಅದು ಹುಳುವಿನದಲ್ಲ, ಮನುಷ್ಯನದು. 1986ರಲ್ಲಿ ಬ್ರಿಟನ್ನಿನಲ್ಲಿ ದನಗಳ ಮೆದುಳಿನ ರೋಗ ಪತ್ತೆಯಾಯಿತು. ಹುಚ್ಚುಹಸು ರೋಗವೆಂದು ಪತ್ರಿಕೆಗಳಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಸತ್ತ ಪ್ರಾಣಿಗಳ ಮಾಂಸ ಮತ್ತು ಮೂಳೆಯ ಪುಡಿಯನ್ನು ಹುಲ್ಲು ತಿನ್ನುವ ದನಕ್ಕೆ ತಿನ್ನಿಸಿದ್ದರ ಫಲ ಅದು. 2001ರಲ್ಲಿ ಐರೋಪ್ಯ ಒಕ್ಕೂಟ ಸಾಕುಪ್ರಾಣಿಗಳ ಮೇವಿನಲ್ಲಿ ಪ್ರಾಣಿಮೂಲದ ಸಂಸ್ಕರಿತ ಪ್ರೋಟೀನನ್ನು ನಿಷೇಧಿಸಿತು. ನಿಷೇಧದ ಬಲೆಯಲ್ಲಿ ಕೀಟಗಳೂ ಸಿಕ್ಕಿಕೊಂಡವು. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೀಟಾಹಾರದ ಬಗ್ಗೆ ದೊಡ್ಡ ವರದಿಯನ್ನು ಹೊರತಂದ ಮೇಲೆ ಚರ್ಚೆ ಬಿಸಿಯೇರಿತು. 2017ರ ಜುಲೈಯಿಂದ ಸಾಕಿದ ಮೀನುಗಳಿಗೂ, 2021ರ ಸೆಪ್ಟೆಂಬರಿನಿಂದ ಕೋಳಿ, ಹಂದಿಗಳಿಗೂ ಕೀಟದ ಪ್ರೋಟೀನು ಕೊಡಲು ಯುರೋಪಿನಲ್ಲಿ ಅನುಮತಿ ದೊರೆಯಿತು. ದನಕರುಗಳಿಗೆ ಅನುಮತಿಯಿಲ್ಲ.

ಆದರೆ ಅದೇ ನಿಯಮಗಳ ಪ್ರಕಾರ ಅಲ್ಲಿ ಮೇವಿಗಾಗಿ ಬೆಳೆಸುವ ಹುಳುಗಳಿಗೆ ಅಡುಗೆಮನೆಯ ಎಂಜಲನ್ನಾಗಲಿ ಹಿಕ್ಕೆಯನ್ನಾಗಲಿ ಉಣಿಸುವಂತಿಲ್ಲ! ರೋಗದ ಭಯದಿಂದ ಮಾಡಿದ ನಿಯಮವಿದು; ಹುಚ್ಚುಹಸು ರೋಗವನ್ನು ಕಂಡವರ ಭಯವನ್ನು ಹಗುರವಾಗಿ ಕಾಣಲಾಗದು. ಪರಿಣಾಮವಾಗಿ ಕಸ ತಿನ್ನುವುದಕ್ಕೆ ಹೆಸರಾದ ಹುಳು ಅಲ್ಲಿನ ಕಾರ್ಖಾನೆಗಳಲ್ಲಿ ಧಾನ್ಯದ ತೌಡು, ಗಿರಣಿಗಳ ಉಳಿಕೆಗಳನ್ನು ತಿಂದು ಬೆಳೆಯುತ್ತದೆ. ಆ ಉಳಿಕೆಗಳನ್ನು ಹಸು, ಹಂದಿಗಳು ನೇರವಾಗಿಯೇ ತಿನ್ನಬಲ್ಲವು. ಆಗ ನಡುವೆ ಹುಳುವೇಕೆ, ಅದಕ್ಕೆ ವಿದ್ಯುತ್ತಿನ ಬಿಸಿಯೇಕೆ ಎಂಬ ಪ್ರಶ್ನೆ ಏಳುತ್ತದೆ. ಕೋಟಿಗಟ್ಟಲೆ ಬಂಡವಾಳ ಹೂಡಿದ ಕೀಟೋದ್ಯಮಗಳಲ್ಲಿ ಕೆಲವು ನೆಲಕಚ್ಚಿರುವುದಕ್ಕೆ ಇದೂ ಒಂದು ಕಾರಣ. ಹಿಟ್ಟಿನ ಹುಳು ಬೆಳೆಸುತ್ತಿದ್ದ ಫ್ರಾನ್ಸಿನ ಇನ್‌ಸೆಕ್ಟ್ ಎಂಬ ದೊಡ್ಡ ಸಂಸ್ಥೆ 2024ರಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಹುಳುವಿನ ನಿಜವಾದ ಬೆಲೆ ಅದು ತಿನ್ನುವ ಕಸದಲ್ಲಿದೆ. ಬೇರೆ ಯಾರಿಗೂ ಬೇಡವಾದದ್ದನ್ನು ತಿಂದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆ ಲೆಕ್ಕ ಹಿತ್ತಿಲಿನಲ್ಲಿ ಹೊಂದುವಷ್ಟು ಸುಲಭವಾಗಿ ಕಾರ್ಖಾನೆಯಲ್ಲಿ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧ? ಮೊದಲನೆಯದಾಗಿ, ಕೀಟವನ್ನು ಮೇವು ಮಾಡುವುದು ಕನ್ನಡಿಗರಿಗೆ ಹೊಸದಲ್ಲ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ಬಿಚ್ಚುವ ಕೇಂದ್ರಗಳ ಬಳಿ ಓಡಾಡಿದವರಿಗೆ ಅಲ್ಲಿನ ವಾಸನೆ ಮರೆಯದು. ಹಸಿಗೂಡಿನ ತೂಕದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಒಳಗಿನ ಹುಳುವಿನದು. ರೇಷ್ಮೆಯಾಗುವುದು ಹೊರಗಿನ ಚಿಪ್ಪು ಮಾತ್ರ. ನೂಲು ಬಿಚ್ಚಿದ ಮೇಲೆ ಉಳಿಯುವ ಆ ಹುಳುಗಳನ್ನು ಒಣಗಿಸಿ ಎಣ್ಣೆ ತೆಗೆಯುವುದು, ಮೀನು ಮತ್ತು ಕೋಳಿಗಳ ಆಹಾರಕ್ಕೆ ಬಳಸುವುದು ಬಹುಕಾಲದಿಂದ ನಡೆದಿದೆ. ಎರಡನೆಯದಾಗಿ, ಬೆಂಗಳೂರಿನ ಕಸದ ಕಥೆ. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತು ನಗರದ ಬೀದಿಗಳಲ್ಲೇ ರಾಶಿಬಿದ್ದದ್ದನ್ನೂ, 2014ರಲ್ಲಿ ಮಂಡೂರಿನ ಗ್ರಾಮಸ್ಥರು ದಾರಿಗಡ್ಡ ನಿಂತದ್ದನ್ನೂ ನೀವು ಮರೆತಿರಲಾರಿರಿ. ನಾವು ತಿಂದು ಬಿಟ್ಟದ್ದರ ದುರ್ನಾತವನ್ನು ಇನ್ನೊಂದು ಊರಿನ ಮಕ್ಕಳು ಉಸಿರಾಡಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹಸಿಕಸವನ್ನು ಮನೆಯಲ್ಲಿಯೇ ಕರಗಿಸುವ ಯಾವ ಉಪಾಯವಾದರೂ ಆ ಪ್ರಶ್ನೆಗೆ ಕೊಡುವ ಒಂದು ಸಣ್ಣ ಉತ್ತರ.

ಹಳ್ಳಿಯಲ್ಲಿ ನಾಲ್ಕಾರು ಕೋಳಿ ಸಾಕಿರುವ ಬಂಧುಗಳು ಕೇಳಬಹುದೆಂದು ವಿಧಾನವನ್ನೂ ಸಂಕ್ಷೇಪವಾಗಿ ಬರೆಯುತ್ತೇನೆ. ನೆರಳಿನಲ್ಲಿ ಮುಚ್ಚಳವುಳ್ಳ ಡ್ರಮ್ಮೊಂದನ್ನು ಇಡಿ. ನೊಣ ಬರಲು ಮೇಲೆ ಕಂಡಿಯಿರಲಿ, ನೀರು ಬಸಿಯಲು ತಳದಲ್ಲಿ ತೂತಿರಲಿ. ತಳದಲ್ಲಿ ತೆಂಗಿನ ನಾರು ಹರಡಿ ಅದರ ಮೇಲೆ ತರಕಾರಿ ಸಿಪ್ಪೆ, ಹಣ್ಣಿನ ಉಳಿಕೆ, ಹಳಸಿದ ಅನ್ನ ಹಾಕಿ. ಕಸದ ಮೇಲ್ಗಡೆ, ಅದಕ್ಕೆ ತಗಲದಂತೆ, ಸುಕ್ಕುರಟ್ಟಿನ ತುಂಡುಗಳನ್ನು ಕಟ್ಟಿದರೆ ಅದರ ಸಂದುಗಳಲ್ಲಿ ನೊಣ ಮೊಟ್ಟೆಯಿಡುತ್ತದೆ. ನಮ್ಮ ಹವೆಗೆ ನೊಣವನ್ನು ಕೊಂಡುತರಬೇಕಾಗಿಲ್ಲ. ಬಹುಪಾಲು ಊರುಗಳಲ್ಲಿ ಅದು ತಾನಾಗಿ ಬರುತ್ತದೆ. ಒಳಗಿನಿಂದ ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನ ಹಲಗೆಯೊಂದು ಹೊರಗಿನ ಪಾತ್ರೆಗೆ ದಾರಿ ತೋರಲಿ. ಇರುವೆ ಬಾರದಂತೆ ಡ್ರಮ್ಮಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿಡಿ. ಹುಳುಗಳು ತಿಂದು ಮುಗಿಸುವಷ್ಟನ್ನು ಮಾತ್ರ ಹಾಕಬೇಕು, ಹೆಚ್ಚಾದರೆ ನಾರುವುದು. ಎಲ್ಲ ಚೆನ್ನಾಗಿ ನಡೆದರೆ ಹತ್ತು ಕಿಲೋ ಹಸಿಕಸಕ್ಕೆ ಒಂದರಿಂದ ಎರಡು ಕಿಲೋ ಹುಳು ದೊರೆಯಬಹುದು. ಉಳಿದ ಪುಡಿಯನ್ನು ಇನ್ನಷ್ಟು ಕಾಲ ಕಳಿಸಿ ಗಿಡಕ್ಕೆ ಹಾಕಬಹುದು.

ಕೆಲವು ಎಚ್ಚರಿಕೆಗಳೂ ಉಂಟು. ಈ ಮರಿಗಳು ಕೊಳೆಯಲ್ಲಿರುವ ಕೆಲವು ರೋಗಾಣುಗಳನ್ನು ತಗ್ಗಿಸುತ್ತವೆಯೆಂದು ಪ್ರಯೋಗಗಳು ತೋರಿಸಿದ್ದರೂ ಹುಳುವಿನ ಮೈಯಲ್ಲಿ ಅವು ಉಳಿದಿರಬಹುದು. ಆದ್ದರಿಂದ ಕುದಿಯುವ ನೀರಿನಲ್ಲಿ ಅದ್ದಿ, ಒಣಗಿಸಿ ಕೊಡುವುದು ಲೇಸು. ಕ್ಯಾಡ್ಮಿಯಂನಂತಹ ಭಾರಲೋಹಗಳು ಹುಳುವಿನಲ್ಲಿ ಸೇರಿಕೊಳ್ಳುತ್ತವೆ. ಚರಂಡಿಯ ಕೆಸರು, ಬಣ್ಣ, ಬ್ಯಾಟರಿ ಬೆರೆತ ಕಸ ಇದಕ್ಕೆ ಸಲ್ಲದು. ಮಾಂಸದ ತ್ಯಾಜ್ಯವನ್ನೂ ದೂರವಿಡಿ. ಕೊಬ್ಬು ಮತ್ತು ಸುಣ್ಣದ ಅಂಶ ಹೆಚ್ಚಾಗಿರುವ ಕಾರಣ ಇದು ಕೋಳಿಯ ಆಹಾರದಲ್ಲಿ ಒಂದು ಪಾಲಾಗಬೇಕೇ ಹೊರತು ಪೂರ್ತಿ ಊಟವಾಗಬಾರದು. ದನಗಳಿಗಂತೂ ಕೊಡಲೇಬೇಡಿ, ಬ್ರಿಟನ್ನಿನ ಪಾಠ ನಮಗೂ ಪಾಠವೇ.

"ತಿಪ್ಪೆ ಹೋಗಿ ಉಪ್ಪರಿಗೆಯಾಯಿತು" ಎಂಬ ಮಾತನ್ನು ನಮ್ಮ ಹಿರಿಯರು ಅದೃಷ್ಟ ಖುಲಾಯಿಸಿದವರ ಬಗ್ಗೆ ಆಡುತ್ತಿದ್ದರು. ಸೈನಿಕ ನೊಣದ ವಿಷಯದಲ್ಲಿ ಅದೃಷ್ಟದ ಪಾತ್ರ ಕಡಿಮೆ. ಕೋಳಿಗೂಡುಗಳ ಕೆಳಗೆ ಮೂಗು ಮುಚ್ಚಿಕೊಂಡು ಕುಳಿತು, ಬೇರೆಯವರು ಹೇಸಿ ಮುಖ ತಿರುಗಿಸಿದ್ದನ್ನು ವರ್ಷಗಟ್ಟಲೆ ನೋಡಿದ ಕೆಲವರ ತಾಳ್ಮೆಯ ಫಲವಿದು. 1930ರಲ್ಲಿ ಪೀಡೆಯಾಗಿದ್ದ ಹುಳು ಇಂದಿಗೂ ಅದೇ ಹುಳು. ಬದಲಾದದ್ದು ನೋಡುವವರ ಕಣ್ಣು.

ನನ್ನ ವಿದ್ಯಾರ್ಥಿನಿಗೆ ಹೇಳುವುದಿಷ್ಟು: ಮಡಕೆಯನ್ನು ಅಡುಗೆಮನೆಯಿಂದ ತುಸು ದೂರವಿಡು, ಒಣ ಎಲೆ ಬೆರೆಸು, ಹುಳುಗಳು ತಮ್ಮ ಕೆಲಸ ಮಾಡಲಿ. ಕೋಳಿ ಸಾಕಿದ ನೆರೆಯವರಿದ್ದರೆ ಬಲಿತವನ್ನು ಅವರಿಗೆ ಕೊಡು. ಒಂದಷ್ಟನ್ನು ನೊಣವಾಗಲು ಬಿಡು, ಮುಂದಿನ ಪೀಳಿಗೆಗೆ ಅವು ಬೇಕು.

ಮುಂದಿನ ಬಾರಿ ಅರಗಿನ ಹುಳುವಿನ ವಿಷಯವನ್ನು ಬರೆಯಬೇಕೆಂದಿದ್ದೇನೆ.